ಉತ್ತರಕ್ಕಿಂತ ಮೊದಲು ಪ್ರಶ್ನೆ: ಒಂದು ಕೊಲೆ ಮೇಲ್ಮನವಿಯನ್ನು ಆಧರಿಸಿದ ಎರಡು ಅವಧಿಗಳ ಪಾಠ

ಪೀಠಿಕೆ

ಪ್ರಮೇಯವನ್ನು ಸಾಧಿಸುವಾಗ ನಾವು ಮಕ್ಕಳಿಂದ ದತ್ತ, ಸಾಧನೀಯ, ರಚನೆ, ಸಾಧನೆ ಎಂಬ ಕ್ರಮದಲ್ಲಿ ಬರೆಸುತ್ತೇವೆ. ದತ್ತದಲ್ಲಿ ಒಂದು ಅಂಶ ಬಿಟ್ಟುಹೋದರೆ ಹಂತಗಳೆಲ್ಲ ಸರಿಯಾಗಿದ್ದರೂ ಸಾಧನೆ ನಿಲ್ಲುವುದಿಲ್ಲ ಎಂಬುದು ಒಂಬತ್ತನೇ ತರಗತಿಯ ಮಕ್ಕಳಿಗೆ ಚೆನ್ನಾಗಿ ಗೊತ್ತು. ಇದೇ ಮಕ್ಕಳು ಅದೇ ವರ್ಷ ಸಮಾಜ ವಿಜ್ಞಾನದಲ್ಲಿ ನ್ಯಾಯಾಂಗ ವ್ಯವಸ್ಥೆಯ ಪಾಠವನ್ನೂ ಓದುತ್ತಾರೆ. ಸರ್ವೋಚ್ಚ ನ್ಯಾಯಾಲಯಕ್ಕೂ ಉಚ್ಚ ನ್ಯಾಯಾಲಯಕ್ಕೂ ಮೇಲ್ಮನವಿ ಅಧಿಕಾರ ಇದೆ ಎಂದು ಪರೀಕ್ಷೆಯಲ್ಲಿ ಬರೆಯುತ್ತಾರೆ. ಮೇಲ್ಮನವಿ ಎಂದರೇನು ಎಂದು ಕೇಳಿದರೆ ‘ಕೆಳಗಿನ ಕೋರ್ಟಿನ ತೀರ್ಪು ಒಪ್ಪಿಗೆಯಾಗದಿದ್ದರೆ ಮೇಲಿನ ಕೋರ್ಟಿಗೆ ಹೋಗುವುದು’ ಎನ್ನುತ್ತಾರೆ. ಹೋದಮೇಲೆ ಅಲ್ಲಿ ಏನನ್ನು ನೋಡುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಬರುವುದಿಲ್ಲ.

ಬಿ.ಎಸ್ಸಿ. ಓದಿ ಬಂದಿರುವ ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಅಭ್ಯಾಸ ಬೋಧನೆಯಲ್ಲಿ ಒಂದು ಪಾಠವನ್ನಾದರೂ ಬೇರೆ ವಿಷಯದೊಂದಿಗೆ ಸೇರಿಸಿ ಮಾಡಬೇಕೆಂದು ನಮಗೆ ಸೂಚನೆಯಿತ್ತು. ದತ್ತ ಮತ್ತು ಸಾಧನೀಯದ ಕಲ್ಪನೆಯನ್ನೇ ನ್ಯಾಯಾಲಯದ ಒಳಗೆ ಕೊಂಡೊಯ್ದರೆ ಮೇಲ್ಮನವಿಯ ಕೆಲಸ ಮಕ್ಕಳಿಗೆ ಸ್ಪಷ್ಟವಾಗಬಹುದು ಎಂದು ನನಗೆ ತೋರಿತು. ಅದಕ್ಕಾಗಿ ಯೋಜಿಸಿ, ಎರಡು ಅವಧಿಗಳಲ್ಲಿ ನಡೆಸಿದ ಪಾಠದ ವಿವರವನ್ನು ಇಲ್ಲಿ ಕೊಟ್ಟಿದ್ದೇನೆ.

ಆಯ್ದುಕೊಂಡ ಪ್ರಕರಣ

ಪಾಠಕ್ಕೆ ಆಯ್ದುಕೊಂಡದ್ದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1977ರ ಜನವರಿಯಲ್ಲಿ ತೀರ್ಮಾನಿಸಿದ ‘ವಾಷಿಂಗ್ಟನ್ ರಾಜ್ಯ ವಿರುದ್ಧ ವಾನ್ರೋ’ ಪ್ರಕರಣ. ಅಲ್ಲಿ ಜ್ಯೂರಿ ಪದ್ಧತಿ ಇದೆ. ಸಾಕ್ಷ್ಯ ಕೇಳಿ ದೋಷಿ ಹೌದೋ ಅಲ್ಲವೋ ಎಂದು ಹೇಳುವವರು ಸಾಮಾನ್ಯ ನಾಗರಿಕರಿಂದ ಆರಿಸಿದ ಹನ್ನೆರಡು ಜನ. ಅವರಿಗೆ ಕಾನೂನು ಗೊತ್ತಿರಬೇಕೆಂದಿಲ್ಲ. ಆದ್ದರಿಂದ ವಿಚಾರಣೆಯ ಕೊನೆಯಲ್ಲಿ ನ್ಯಾಯಾಧೀಶರು ‘ಕಾನೂನು ಹೀಗಿದೆ, ನೀವು ಇಂತಿಂಥದ್ದನ್ನು ನೋಡಿ ತೀರ್ಮಾನಿಸಿ’ ಎಂದು ಸೂಚನೆಗಳನ್ನು ಕೊಡುತ್ತಾರೆ. ಜ್ಯೂರಿ ಕಾರಣ ಬರೆಯುವುದಿಲ್ಲ; ದೋಷಿ ಅಥವಾ ದೋಷಿಯಲ್ಲ ಎಂದಷ್ಟೇ ಹೇಳುತ್ತದೆ. ಒಳಗೆ ಕುಳಿತು ಅವರು ಹೇಗೆ ಯೋಚಿಸಿದರು ಎಂಬುದಕ್ಕೆ ದಾಖಲೆ ಇರುವುದಿಲ್ಲ. ಅವರಿಗೆ ಕೊಟ್ಟ ಸೂಚನೆ ಮಾತ್ರ ಕಾಗದದ ಮೇಲೆ ಉಳಿಯುತ್ತದೆ. ಜ್ಯೂರಿ ಇರುವ ಕಡೆ ಎಷ್ಟೋ ಮೇಲ್ಮನವಿಗಳು ಸೂಚನೆಯ ಮಾತುಗಳನ್ನೇ ಹಿಡಿದು ವಾದಿಸುವುದಕ್ಕೆ ಇದೂ ಒಂದು ಕಾರಣ.

ಘಟನೆ ನಡೆದದ್ದು 1972ರ ಆಗಸ್ಟ್ 12ರ ಬೆಳಗಿನ ಜಾವ, ಸ್ಪೋಕ್ಯಾನ್ ನಗರದಲ್ಲಿ. ಆರೋಪಿ ವಾನ್ರೋ ಅಲ್ಲಿನ ಕೋಲ್ವಿಲ್ ಮೂಲನಿವಾಸಿ ಸಮುದಾಯದ ಮಹಿಳೆ. ಹಿಂದಿನ ದಿನ ಅವರ ಮಕ್ಕಳು ಗೆಳತಿಯೊಬ್ಬರ ಮನೆಯಲ್ಲಿದ್ದರು. ಹೊರಗೆ ಆಡುತ್ತಿದ್ದ ಮಗ ಬಂದು, ನೆರೆಯ ವ್ಯಕ್ತಿಯೊಬ್ಬ ತನ್ನನ್ನು ಸೈಕಲ್ಲಿನಿಂದ ಎಳೆದು ಮನೆಯೊಳಗೆ ಕೊಂಡೊಯ್ಯಲು ನೋಡಿದ ಎಂದು ಹೇಳಿದ. ಆ ವ್ಯಕ್ತಿ ಇತರ ಮಕ್ಕಳಿಗೂ ಕಿರುಕುಳ ಕೊಟ್ಟಿದ್ದಾನೆಂಬ ಸಂಗತಿ ಅದೇ ದಿನ ಹೊರಬಂತು. ಗೆಳತಿ ಪೊಲೀಸರನ್ನು ಕರೆಸಿದರು. ಸೋಮವಾರ ಬೆಳಿಗ್ಗೆ ಬಂದು ದೂರು ಕೊಡುವವರೆಗೆ ಬಂಧಿಸಲಾಗದು ಎಂಬ ಉತ್ತರ ಸಿಕ್ಕಿತು. ಅಂದು ಶುಕ್ರವಾರ. ಒಂಟಿಯಾಗಿರಲು ಹೆದರಿದ ಗೆಳತಿ ರಾತ್ರಿ ಜೊತೆಗಿರಲು ವಾನ್ರೋ ಅವರನ್ನು ಕರೆದರು. ವಾನ್ರೋ ಬರುವಾಗ ಕೈಚೀಲದಲ್ಲಿ ಪಿಸ್ತೂಲು ತಂದಿದ್ದರು. ಅವರ ತಂಗಿ ಮತ್ತು ತಂಗಿಯ ಗಂಡನೂ ಬಂದರು.

ಬೆಳಗಿನ ಜಾವ ಸುಮಾರು ಐದು ಗಂಟೆಗೆ ತಂಗಿಯ ಗಂಡ ಬೇಸ್‌ಬಾಲ್ ಬ್ಯಾಟು ಹಿಡಿದು ಆ ವ್ಯಕ್ತಿಯ ಮನೆಗೆ ಹೋಗಿ ಪ್ರಶ್ನಿಸಿದ. ಮಾತು ಬೆಳೆದು, ಆ ವ್ಯಕ್ತಿಯೂ ಅವನ ಜೊತೆಗಿದ್ದ ಇನ್ನೊಬ್ಬನೂ ಈ ಮನೆಗೆ ಬಂದರು. ಆ ವ್ಯಕ್ತಿ ಕುಡಿದಿದ್ದ. 6 ಅಡಿ 2 ಅಂಗುಲದ ಆಳು. ಒಳಗೆ ಕೂಗಾಟವಾಯಿತು, ಮಲಗಿದ್ದ ಮಗು ಎದ್ದು ಅತ್ತಿತು. 5 ಅಡಿ 4 ಅಂಗುಲ ಎತ್ತರದ ವಾನ್ರೋ ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡು ಊರುಗೋಲಿನಲ್ಲಿ ನಡೆಯುತ್ತಿದ್ದರು. ತಂಗಿಯ ಗಂಡನನ್ನು ಸಹಾಯಕ್ಕೆ ಕರೆಯಲು ಬಾಗಿಲಿಗೆ ಹೋಗಿ ತಿರುಗಿದಾಗ ಆತ ತಮ್ಮ ಹಿಂದೆಯೇ ನಿಂತಿದ್ದ, ಬೆಚ್ಚಿಬಿದ್ದು ಗುಂಡು ಹಾರಿಸಿದೆ ಎಂದು ಅವರು ಸಾಕ್ಷ್ಯ ನುಡಿದರು. ಆತ ಸತ್ತ, ಜೊತೆಗಿದ್ದವನಿಗೆ ಗಾಯವಾಯಿತು.

ಜ್ಯೂರಿ ಅವರನ್ನು ಎರಡನೇ ದರ್ಜೆಯ ಕೊಲೆ ಮತ್ತು ಮೊದಲ ದರ್ಜೆಯ ಹಲ್ಲೆ ಎರಡರಲ್ಲೂ ದೋಷಿ ಎಂದಿತು. 1975ರಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದುಮಾಡಿತು. ಘಟನೆಯ ನಂತರ ಪೊಲೀಸ್ ತುರ್ತು ಸಂಖ್ಯೆಗೆ ಮಾಡಿದ ಕರೆಯ ಧ್ವನಿಮುದ್ರಣವನ್ನು ಜ್ಯೂರಿಗೆ ಕೇಳಿಸಿದ್ದು ಆ ರಾಜ್ಯದ ಖಾಸಗಿತನದ ಕಾಯಿದೆಗೆ ವಿರುದ್ಧ ಎಂಬುದು ಅದರ ಕಾರಣ. ವಿಷಯ ರಾಜ್ಯದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ ಅದು ಈ ಕಾರಣವನ್ನು ಎತ್ತಿಹಿಡಿಯಿತು. ಜೊತೆಗೆ ಆತ್ಮರಕ್ಷಣೆಯ ಬಗ್ಗೆ ಜ್ಯೂರಿಗೆ ಕೊಟ್ಟ ಸೂಚನೆಯೂ ದೋಷಪೂರಿತ ಎಂದು ನ್ಯಾಯಮೂರ್ತಿ ರಾಬರ್ಟ್ ಅಟ್ಟರ್ ಅವರ ಅಭಿಪ್ರಾಯ ಹೇಳಿತು. ಮೇಲ್ಮನವಿಯಲ್ಲಿ ಈ ವಾದವನ್ನು ರೂಪಿಸಿದವರಲ್ಲಿ ಎಲಿಜಬೆತ್ ಶ್ನೈಡರ್ ಮತ್ತು ನ್ಯಾನ್ಸಿ ಸ್ಟರ್ನ್ಸ್ ಎಂಬ ವಕೀಲೆಯರಿದ್ದರು.

ಸೂಚನೆಯಲ್ಲಿದ್ದ ದೋಷ

ಆ ಸೂಚನೆ ಹತ್ತನೆಯದು. ಅದರಲ್ಲಿ ಎರಡು ತೊಡಕುಗಳಿದ್ದವು.

ಮೊದಲನೆಯದು ಕಾಲದ ಮಿತಿ. ಕೊಲ್ಲುವ ಹೊತ್ತಿನಲ್ಲಿ ಅಥವಾ ಅದಕ್ಕೆ ತೀರ ಮುಂಚೆ ನಡೆದ ಕೃತ್ಯ ಅಥವಾ ಸನ್ನಿವೇಶದಿಂದ ಅಪಾಯ ಕಂಡಿರಬೇಕು ಎಂದು ಸೂಚನೆ ಹೇಳಿತ್ತು. ಹಾಗಾದರೆ ಹಿಂದಿನ ದಿನದ ಸಂಗತಿಗಳನ್ನು ಜ್ಯೂರಿ ಪಕ್ಕಕ್ಕಿಡಬೇಕಾಗುತ್ತದೆ. ಆದರೆ ಆ ರಾಜ್ಯದಲ್ಲಿ 1900ರ ದಶಕದ ಆರಂಭದಿಂದಲೇ ಇದ್ದ ಕಾನೂನು ಬೇರೆ. ಬಹಳ ಹಿಂದೆ ನಡೆದದ್ದಾದರೂ ಸರಿ, ಆರೋಪಿಗೆ ಗೊತ್ತಿದ್ದ ಎಲ್ಲ ಸಂಗತಿಗಳನ್ನೂ ನೋಡಿ ಅವರ ಭಯಕ್ಕೆ ಕಾರಣವಿತ್ತೇ ಎಂದು ನಿರ್ಧರಿಸಬೇಕು ಎಂದು ಹಳೆಯ ತೀರ್ಪುಗಳು ಹೇಳಿದ್ದವು.

ಎರಡನೆಯದು ಅಳತೆಗೋಲು. ಬರಿಗೈಯಲ್ಲಿ ಬರುವವನ ಎದುರು, ಪ್ರಾಣಾಪಾಯ ಅಥವಾ ತೀವ್ರ ಗಾಯದ ಭಯವಿಲ್ಲದಿದ್ದರೆ, ‘ಅವನು’ ಮಾರಕ ಆಯುಧ ಬಳಸುವಂತಿಲ್ಲ ಎಂದು ಸೂಚನೆ ಹೇಳಿತ್ತು. ಉದ್ದಕ್ಕೂ ಅವನು, ಅವನಿಗೆ, ಅವನ ಎಂದೇ ಇತ್ತು. ಜ್ಯೂರಿಯ ಕಣ್ಣಮುಂದೆ ಇದು ಇಬ್ಬರು ಗಂಡಸರ ಜಗಳದ ಚಿತ್ರವನ್ನು ನಿಲ್ಲಿಸುತ್ತದೆ ಎಂದು ನ್ಯಾಯಾಲಯ ಗುರುತಿಸಿತು. ಕಾಲು ಮುರಿದ, ಊರುಗೋಲು ಹಿಡಿದ ಮಹಿಳೆಯ ನಡೆಯನ್ನು, ತನ್ನಷ್ಟೇ ಬಲವಿರುವವನ ಎದುರು ನಿಂತ ಗಂಡಸಿನ ಅಳತೆಯಲ್ಲಿ ಅಳೆಯುವಂತಾಗುತ್ತದೆ. ಬರಿಗೈಯಲ್ಲಿ ಗಂಡಸನ್ನು ಎದುರಿಸುವ ತರಬೇತಿಯೂ ಅವಕಾಶವೂ ಹೆಂಗಸರಿಗೆ ಸಿಗದಂತೆ ಸಮಾಜವೇ ನಡೆದುಕೊಂಡು ಬಂದಿರುವಾಗ ಈ ಅಳತೆ ನ್ಯಾಯವಲ್ಲ ಎಂಬುದು ಅದರ ತಾತ್ಪರ್ಯ.

ಇಲ್ಲಿ ಎರಡು ಸಂಗತಿಗಳನ್ನು ಮಕ್ಕಳಿಗೆ ಸ್ಪಷ್ಟವಾಗಿ ಹೇಳಬೇಕು. ಸೂಚನೆಯ ಕುರಿತ ಈ ಭಾಗಕ್ಕೆ ಪೀಠದ ಪೂರ್ಣ ಬಹುಮತ ಇರಲಿಲ್ಲ. ಅದೇ ನ್ಯಾಯಾಲಯ 1984ರ ಆಲರಿ ಪ್ರಕರಣದಲ್ಲಿ ಈ ತತ್ತ್ವವನ್ನು ಗಟ್ಟಿಮಾಡಿತು. ಹಾಗೆಯೇ, 1977ರ ತೀರ್ಪು ವಾನ್ರೋ ನಿರ್ದೋಷಿ ಎಂದು ಹೇಳಲಿಲ್ಲ. ಹೊಸದಾಗಿ ವಿಚಾರಣೆ ನಡೆಯಲಿ ಎಂದಿತು. ಆ ಮರುವಿಚಾರಣೆ ನಡೆಯುವ ಮುಂಚೆಯೇ, 1979ರಲ್ಲಿ, ಅವರು ಕಡಿಮೆ ದರ್ಜೆಯ ಆರೋಪಗಳನ್ನು ಒಪ್ಪಿಕೊಂಡರು. ಜೈಲುವಾಸವಿಲ್ಲದೆ ಪ್ರೊಬೇಷನ್ ಮೇಲೆ ಪ್ರಕರಣ ಮುಗಿಯಿತು.

ಪಾಠದ ಉದ್ದೇಶಗಳು

1. ಮೇಲ್ಮನವಿ ನ್ಯಾಯಾಲಯ ‘ಈಕೆ ತಪ್ಪಿತಸ್ಥೆಯೇ’ ಎಂಬ ಪ್ರಶ್ನೆಯನ್ನೂ ‘ಸರಿಯಾದ ಪ್ರಶ್ನೆ ಕೇಳಲಾಗಿತ್ತೇ’ ಎಂಬ ಪ್ರಶ್ನೆಯನ್ನೂ ಬೇರೆಬೇರೆಯಾಗಿ ನೋಡುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಗುರುತಿಸುವರು.

2. ದತ್ತದ ವ್ಯಾಪ್ತಿ ಬದಲಾದಾಗ ಅದೇ ನಿಯಮದಿಂದ ಬೇರೆ ತೀರ್ಮಾನ ಬರಬಹುದು ಎಂಬುದನ್ನು ಉದಾಹರಣೆಯೊಂದಿಗೆ ವಿವರಿಸುವರು.

3. ಆತ್ಮರಕ್ಷಣೆಗೂ ಸೇಡಿಗೂ ಇರುವ ವ್ಯತ್ಯಾಸವನ್ನು ಹೇಳುವರು.

4. ಒಂದು ಸೂಚನೆಯಲ್ಲಿನ ಪದಗಳು ಯಾರನ್ನು ಒಳಗೊಳ್ಳುತ್ತವೆ, ಯಾರನ್ನು ಹೊರಗಿಡುತ್ತವೆ ಎಂದು ಪರೀಕ್ಷಿಸುವರು.

ಸಿದ್ಧತೆ

ಬೋಧನೋಪಕರಣಗಳು ಸರಳ: ಎರಡು ಚಾರ್ಟು ಮತ್ತು ಪ್ರತಿ ಗುಂಪಿಗೆ ಎಂಟು ಚೀಟಿಗಳು.

ಪ್ರಕರಣದ ಹಿನ್ನೆಲೆಯಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿವರಗಳಿವೆ. ತೀರ್ಪಿನಲ್ಲಿರುವುದನ್ನೆಲ್ಲ ತರಗತಿಯಲ್ಲಿ ಹೇಳುವ ಅಗತ್ಯವಿಲ್ಲ ಎಂದು ಮಾರ್ಗದರ್ಶಕ ಉಪನ್ಯಾಸಕರೊಂದಿಗೆ ಚರ್ಚಿಸಿ ತೀರ್ಮಾನಿಸಿದೆವು. ‘ಮಕ್ಕಳಿಗೆ ಕಿರುಕುಳ ಕೊಟ್ಟ ಆರೋಪವಿದ್ದ ವ್ಯಕ್ತಿ’ ಎಂಬಷ್ಟಕ್ಕೆ ನಿಲ್ಲಿಸಿದೆ. ತರಗತಿಯಲ್ಲಿ ಇಂಥ ಅನುಭವ ಹೊತ್ತು ಕುಳಿತ ಮಗು ಇರಬಹುದು. ಆದ್ದರಿಂದ ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಎರಡೂ ದಿನ ಕಪ್ಪುಹಲಗೆಯ ಮೂಲೆಯಲ್ಲಿ ಬರೆದು ಉಳಿಸಿದೆ. ಪಾಠದ ನಂತರ ಯಾರಾದರೂ ಮಾತಾಡಬೇಕೆಂದರೆ ಯಾರ ಬಳಿ ಹೋಗಬಹುದು ಎಂಬುದನ್ನು ಶಾಲೆಯ ಶಿಕ್ಷಕಿಯೊಬ್ಬರೊಂದಿಗೆ ಮೊದಲೇ ಮಾತಾಡಿಟ್ಟುಕೊಂಡಿದ್ದೆ.

ಮೊದಲ ಅವಧಿ

ಪ್ರಕರಣದ ಸುಳಿವು ಕೊಡದೆ ಮೊದಲ ಚಾರ್ಟನ್ನು ತೂಗುಹಾಕಿದೆ. ಅದು ಹತ್ತನೇ ಸೂಚನೆಯ ಸಾರವನ್ನು ನಾನು ಕನ್ನಡದಲ್ಲಿ ಬರೆದ ರೂಪ:

“ಕೊಲ್ಲುವ ಹೊತ್ತಿನಲ್ಲಿ ಅಥವಾ ಅದಕ್ಕೆ ತೀರ ಮುಂಚೆ, ಎದುರಿನವನು ಅವನನ್ನು ಕೊಲ್ಲಲು ಅಥವಾ ಅವನಿಗೆ ತೀವ್ರ ಗಾಯ ಮಾಡಲು ಹೊರಟಿದ್ದಾನೆ ಎಂದು ತೋರುವಂಥದ್ದು ನಡೆದಿರಬೇಕು. ಸಾಧಾರಣ ಹೊಡೆತದ ಭಯವಷ್ಟೇ ಇದ್ದರೆ, ಬರಿಗೈಯವನ ಎದುರು ಅವನು ಮಾರಕ ಆಯುಧ ಬಳಸುವಂತಿಲ್ಲ.”

ಇದನ್ನು ಓದಿದಾಗ ಮನಸ್ಸಿಗೆ ಬರುವ ಇಬ್ಬರು ವ್ಯಕ್ತಿಗಳನ್ನು ಒಂದೆರಡು ಸಾಲಿನಲ್ಲಿ ವಿವರಿಸಿ ಎಂದೆ. ಗುಂಪುಗಳು ಓದಿದ್ದು ಹೆಚ್ಚುಕಡಿಮೆ ಒಂದೇ ಚಿತ್ರ: ಇಬ್ಬರು ಗಂಡಸರು, ಒಂದೇ ವಯಸ್ಸು, ಬೀದಿಯಲ್ಲಿ ಕೈಕೈ ಮಿಲಾಯಿಸಿದವರು. ಒಂದು ಗುಂಪು ಸಿನಿಮಾ ಫೈಟನ್ನೇ ಬರೆದಿತ್ತು. ಆ ಸಾಲುಗಳನ್ನು ಹಲಗೆಯ ಎಡಭಾಗದಲ್ಲಿ ಬರೆಸಿ ಹಾಗೇ ಬಿಟ್ಟೆ.

ನಂತರ ಜ್ಯೂರಿ ಎಂದರೇನು ಎಂದು ವಿವರಿಸಿ, ಪ್ರತಿ ಗುಂಪಿಗೆ ಎಂಟು ಚೀಟಿ ಕೊಟ್ಟೆ:

1. ಹಿಂದಿನ ದಿನ ಆರೋಪಿಯ ಮಗನನ್ನು ಆ ವ್ಯಕ್ತಿ ಎಳೆದೊಯ್ಯಲು ನೋಡಿದ ಎಂದು ಮಗ ಹೇಳಿದ್ದ.
2. ಆತ ಹಿಂದೆಯೂ ಮಕ್ಕಳೊಂದಿಗೆ ಹಾಗೆ ನಡೆದುಕೊಂಡಿದ್ದ ಎಂದು ಗೊತ್ತಾಗಿತ್ತು.
3. ಸೋಮವಾರದವರೆಗೆ ಬಂಧಿಸಲಾಗದು ಎಂದು ಪೊಲೀಸರು ಹೇಳಿದ್ದರು.
4. ಆರೋಪಿ ಆ ಮನೆಗೆ ಬರುವಾಗ ಪಿಸ್ತೂಲು ತಂದಿದ್ದರು.
5. ಆರೋಪಿಯ ತಂಗಿಯ ಗಂಡ ಬ್ಯಾಟು ಹಿಡಿದು ಆತನ ಮನೆಗೆ ಹೋಗಿದ್ದ.
6. ಕುಡಿದಿದ್ದ, 6 ಅಡಿ 2 ಅಂಗುಲದ ಆತ ಮನೆಯೊಳಗಿದ್ದ, ಕೂಗಾಟ ನಡೆದಿತ್ತು.
7. ಆರೋಪಿಯ ಎತ್ತರ 5 ಅಡಿ 4 ಅಂಗುಲ; ಕಾಲಿಗೆ ಪ್ಲಾಸ್ಟರ್, ಕೈಯಲ್ಲಿ ಊರುಗೋಲು.
8. ಆರೋಪಿ ಬಾಗಿಲಿನಿಂದ ತಿರುಗಿದಾಗ ಆತ ಹಿಂದೆಯೇ ನಿಂತಿದ್ದ.

ಚಾರ್ಟಿನ ಸೂಚನೆ ಪಾಲಿಸಿದರೆ ಯಾವ ಚೀಟಿಗಳನ್ನು ‘ದತ್ತ’ ಎಂದು ಬರೆಯಬಹುದು ಎಂದು ಕೇಳಿದೆ. ಚರ್ಚೆಯ ನಂತರ ಗುಂಪುಗಳ ಕೈಯಲ್ಲಿ ಉಳಿದದ್ದು 6, 7, 8. ಏಳನೇ ಚೀಟಿಯ ಬಗ್ಗೆ ಒಬ್ಬ ಹುಡುಗಿ ಎದ್ದು ನಿಂತಳು.

“ಮಿಸ್, ಏಳು ನಮ್ಮ ಕೈಯಲ್ಲಿದೆ. ಆದ್ರೆ ಸೂಚನೇಲಿ ಅವನು ಅಂತ ಇದೆಯಲ್ಲ, ಈ ಚೀಟೀನ ಎಲ್ಲಿ ಹಾಕೋದು?”

ಎರಡನೇ ತೊಡಕನ್ನು ವಿವರಿಸುವ ಕೆಲಸವನ್ನು ಈ ಪ್ರಶ್ನೆಯೇ ಮಾಡಿಬಿಟ್ಟಿತು. ಎಡಭಾಗದಲ್ಲಿ ಬರೆಸಿದ್ದ ಇಬ್ಬರು ಗಂಡಸರ ವಿವರಣೆಯನ್ನು ತೋರಿಸಿ, ಆ ಚಿತ್ರದಲ್ಲಿ ಊರುಗೋಲಿಗೆ ಜಾಗವಿದೆಯೇ ಎಂದು ಕೇಳಿದೆ. ಅಂಶವೊಂದು ದತ್ತದ ಪಟ್ಟಿಯಲ್ಲಿದ್ದರೂ ಸಾಧನೆಯಲ್ಲಿ ಅದನ್ನು ಬಳಸಲು ದಾರಿಯಿಲ್ಲದಿದ್ದರೆ ಅದು ಇದ್ದೂ ಇಲ್ಲದಂತೆ ಎಂಬುದನ್ನು ಮಕ್ಕಳೇ ಹೇಳಿದರು.

ಇನ್ನೊಬ್ಬ ಹುಡುಗ ಒಪ್ಪಲಿಲ್ಲ. “ನಮ್ಮ ಲೆಕ್ಕದ ಪುಸ್ತಕದಲ್ಲೂ ‘ಒಬ್ಬನು ಅಂಗಡಿಗೆ ಹೋದನು’ ಅಂತಾನೇ ಇರುತ್ತೆ. ಅದು ಹುಡುಗೀರಿಗೂ ಸೇರಿ ತಾನೇ?” ಎಂದ. ಇದು ಗಟ್ಟಿ ಆಕ್ಷೇಪ. ಕಾನೂನಿನಲ್ಲೂ ಅಂಥ ನಿಯಮವಿದೆ. ಭಾರತೀಯ ದಂಡ ಸಂಹಿತೆಯ 8ನೇ ಕಲಮಿನ ಪ್ರಕಾರ ‘ಅವನು’ ಎಂಬುದು ಗಂಡು ಹೆಣ್ಣು ಇಬ್ಬರಿಗೂ ಅನ್ವಯಿಸುತ್ತಿತ್ತು. ಈಗಿನ ಭಾರತೀಯ ನ್ಯಾಯ ಸಂಹಿತೆ ಅದಕ್ಕೆ ಲಿಂಗತ್ವ ಅಲ್ಪಸಂಖ್ಯಾತರನ್ನೂ ಸೇರಿಸಿದೆ. ಇದನ್ನು ಹೇಳಿ ಪ್ರಶ್ನೆಯನ್ನು ತರಗತಿಗೇ ಮರಳಿಸಿದೆ: ಅಂಗಡಿಗೆ ಹೋದವರು ಗಂಡೋ ಹೆಣ್ಣೋ ಎಂಬುದರಿಂದ ಲೆಕ್ಕದ ಉತ್ತರ ಬದಲಾಗುತ್ತದೆಯೇ? ಈ ಪ್ರಕರಣದಲ್ಲಿ ಬದಲಾಗುತ್ತದೆಯೇ? ಉತ್ತರದ ಮೇಲೆ ಪರಿಣಾಮ ಬೀರದ ಕಡೆ ‘ಅವನು’ ಎಂಬುದು ಎಲ್ಲರನ್ನೂ ಒಳಗೊಳ್ಳಬಹುದು. ದೇಹಬಲವೇ ದತ್ತದ ಒಂದು ಅಂಶವಾಗಿರುವ ಕಡೆ ಆ ಪದ ಅಳತೆಗೋಲಾಗಿಬಿಡುತ್ತದೆ ಎಂಬಲ್ಲಿಗೆ ಚರ್ಚೆ ಬಂದು ಮೊದಲ ಅವಧಿ ಮುಗಿಯಿತು.

ಎರಡನೇ ಅವಧಿ

ಎರಡನೇ ದಿನ ಇನ್ನೊಂದು ಚಾರ್ಟು:

“ಆ ಹೊತ್ತಿನ ಸಂಗತಿಗಳನ್ನೂ ಅದಕ್ಕೆ ಮೊದಲು ಆರೋಪಿಗೆ ಗೊತ್ತಿದ್ದ ಎಲ್ಲ ಸಂಗತಿಗಳನ್ನೂ ಗಮನಿಸಿ. ಆರೋಪಿಯ ಸ್ಥಾನದಲ್ಲಿ ನಿಂತು, ಆರೋಪಿಗೆ ತಿಳಿದಿದ್ದಷ್ಟು ತಿಳಿದಿದ್ದರೆ, ಪ್ರಾಣಾಪಾಯ ಅಥವಾ ತೀವ್ರ ಗಾಯದ ಅಪಾಯವಿದೆ ಎಂದು ನಂಬಲು ಸಕಾರಣವಿತ್ತೇ ಎಂದು ನಿರ್ಧರಿಸಿ.”

ಈ ಬಾರಿ ಎಂಟೂ ಚೀಟಿಗಳು ದತ್ತದೊಳಗೆ ಬಂದವು. ಒಂದರಿಂದ ಮೂರು ಬಂದದ್ದನ್ನು ಮಕ್ಕಳು ಬೇಗ ಗಮನಿಸಿದರು. ನಾಲ್ಕು ಮತ್ತು ಐದೂ ಬಂದವು ಎಂಬುದನ್ನು ನಾನು ಕೇಳಿ ಹೇಳಿಸಬೇಕಾಯಿತು. ಪಾಠದ ಮುಖ್ಯ ತಿರುವು ಇಲ್ಲಿದೆ. ದತ್ತವನ್ನು ಹಿಗ್ಗಿಸಿದರೆ ಅದು ಆರೋಪಿಗೆ ಮಾತ್ರ ಅನುಕೂಲವಲ್ಲ. ಪಿಸ್ತೂಲು ತಂದದ್ದು, ಬ್ಯಾಟು ಹಿಡಿದು ಹೋದದ್ದು ಪ್ರಾಸಿಕ್ಯೂಷನ್ ಎತ್ತಿ ತೋರಿಸಬಹುದಾದ ಸಂಗತಿಗಳು. ‘ಭಯದಿಂದ ತಂದರೋ, ಸಿದ್ಧರಾಗಿ ಬಂದರೋ’ ಎಂದು ಗುಂಪುಗಳು ಎರಡು ಬಣಗಳಾದವು. ಕೊನೆಗೆ ಕೆಲವು ಗುಂಪುಗಳು ಆತ್ಮರಕ್ಷಣೆ ಎಂದವು, ಕೆಲವು ಅಲ್ಲ ಎಂದವು. ನಾನು ಯಾವುದು ಸರಿ ಎಂದು ಹೇಳಲಿಲ್ಲ. ‘ಈಗ ನೀವು ಮಾಡಿದ ಕೆಲಸ ಆ ಹನ್ನೆರಡು ಜನ ಮಾಡಬೇಕಾಗಿದ್ದ ಕೆಲಸ. ಅದನ್ನು ಮಾಡಲು ಸೂಚನೆ ಬಿಡಲಿಲ್ಲ ಎಂಬುದಷ್ಟೇ ಮೇಲ್ಮನವಿಯ ವಾದ’ ಎಂದೆ.

ಆಗ ಬಂದ ಪ್ರಶ್ನೆ ಎರಡೂ ದಿನಗಳಲ್ಲಿ ಅತ್ಯಂತ ಕಠಿಣವಾದದ್ದು: “ಹಾಗಾದ್ರೆ ಯಾರು ಬೇಕಾದ್ರೂ ನಂಗೆ ಭಯ ಆಯ್ತು ಅಂತ ಹೇಳಿ ತಪ್ಪಿಸಿಕೊಳ್ಳಬಹುದಲ್ಲ ಮಿಸ್?”

ಚಾರ್ಟಿನ ಕೊನೆಯ ಸಾಲಿನಲ್ಲಿದ್ದ ‘ಸಕಾರಣ’ ಎಂಬ ಪದದ ಕೆಳಗೆ ಗೆರೆ ಎಳೆಸಿದೆ. ಭಯವಾಯಿತು ಎಂದರೆ ಸಾಲದು. ಆ ಸ್ಥಾನದಲ್ಲಿ, ಅಷ್ಟು ತಿಳಿದಿದ್ದ ವ್ಯಕ್ತಿಗೆ ಹಾಗೆ ಭಯವಾಗಲು ಆಧಾರವಿರಬೇಕು. ಪರೀಕ್ಷೆ ಉಳಿದೇ ಇದೆ. ಅದನ್ನು ಎಲ್ಲಿ ನಿಂತು ನಡೆಸಬೇಕು ಎಂಬುದು ಬದಲಾಗಿದೆ. ಭೌತವಿಜ್ಞಾನದಲ್ಲಿ ಚಲನೆಯನ್ನು ವಿವರಿಸುವಾಗ ವೀಕ್ಷಕ ಎಲ್ಲಿ ನಿಂತಿದ್ದಾನೆ ಎಂದು ಮೊದಲು ಹೇಳುತ್ತೇವೆ. ಬಸ್ಸಿನೊಳಗಿನವರಿಗೂ ರಸ್ತೆಯಲ್ಲಿರುವವರಿಗೂ ಕಾಣುವ ಚಲನೆ ಬೇರೆ. ಆದರೆ ಇಬ್ಬರೂ ಮನಸ್ಸಿಗೆ ಬಂದ ವೇಗವನ್ನು ಹೇಳುವಂತಿಲ್ಲ. ಈ ಹೋಲಿಕೆ ಆಕ್ಷೇಪವೆತ್ತಿದ ಹುಡುಗನಿಗೆ ಒಪ್ಪಿಗೆಯಾಯಿತು. ಬೆಂಚಿನ ಕೊನೆಯಲ್ಲಿದ್ದವನೊಬ್ಬ ಮಾತ್ರ “ಆದ್ರೂ ಸುಳ್ಳು ಹೇಳೋರು ಹೇಳ್ತಾರೆ” ಎಂದ. ಅದು ನಿಜ, ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸುವುದು ಅದಕ್ಕೇ ಎಂದೆ.

ನಮ್ಮ ಕಾನೂನಿನೊಂದಿಗೆ ಹೋಲಿಕೆ

ನಮ್ಮಲ್ಲಿ ಈಗ ಜ್ಯೂರಿ ಇಲ್ಲ. 1959ರ ನಾನಾವತಿ ಪ್ರಕರಣದಲ್ಲಿ ಬೊಂಬಾಯಿಯ ಜ್ಯೂರಿ 8ಕ್ಕೆ 1ರಂತೆ ದೋಷಿಯಲ್ಲ ಎಂದಿತ್ತು. ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಉಚ್ಚ ನ್ಯಾಯಾಲಯಕ್ಕೆ ಕಳಿಸಿದರು. ನ್ಯಾಯಾಧೀಶರು ಜ್ಯೂರಿಗೆ ಕೊಟ್ಟ ವಿವರಣೆಯಲ್ಲೇ ತಪ್ಪು ನಿರ್ದೇಶನಗಳಿದ್ದವು ಎಂದು ಉಚ್ಚ ನ್ಯಾಯಾಲಯ ಕಂಡುಕೊಂಡು ಶಿಕ್ಷೆ ವಿಧಿಸಿತು; 1961ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅಲ್ಲಿನ ವಾದ ಆಕಸ್ಮಿಕವಾಗಿ ಗುಂಡು ಹಾರಿತೆಂಬುದು. ಆದರೂ ಜ್ಯೂರಿಗೆ ಹೇಳಿದ ಮಾತು ತೀರ್ಪನ್ನು ಹೇಗೆ ಅಲುಗಾಡಿಸುತ್ತದೆ ಎಂಬುದಕ್ಕೆ ಇದು ನಮ್ಮದೇ ಉದಾಹರಣೆ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಸ್ಥಾನವಿಲ್ಲ. ಈಗ ನ್ಯಾಯಾಧೀಶರೇ ತೀರ್ಮಾನಿಸಿ ಕಾರಣ ಬರೆಯುತ್ತಾರೆ. ಮೇಲ್ಮನವಿಯಲ್ಲಿ ಆ ಕಾರಣಗಳನ್ನೇ ಓದಿ ಪರೀಕ್ಷಿಸಬಹುದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕನ್ನು ಹೇಳುತ್ತವೆ. ಹಿಂದೆ ಇವು ದಂಡ ಸಂಹಿತೆಯ 96ರಿಂದ 106ರವರೆಗೆ ಇದ್ದವು. ತರಗತಿಯಲ್ಲಿ ಮೂರು ಅಂಶಗಳನ್ನು ತೆಗೆದುಕೊಂಡೆ. ಸಕಾರಣವಾದ ಅಪಾಯದ ಭಯ ಹುಟ್ಟಿದೊಡನೆ ಹಕ್ಕು ಆರಂಭವಾಗುತ್ತದೆ, ಭಯ ಇರುವವರೆಗೆ ಮಾತ್ರ ಇರುತ್ತದೆ (40ನೇ ಕಲಮು). ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಅಧಿಕಾರಿಗಳ ರಕ್ಷಣೆ ಪಡೆಯಲು ಸಮಯವಿದ್ದರೆ ಈ ಹಕ್ಕಿಲ್ಲ (37ನೇ ಕಲಮು). ಹಕ್ಕಿನ ಮಿತಿಯನ್ನು ಸದ್ಭಾವನೆಯಿಂದ, ಮುಂಚಿತ ಯೋಚನೆಯಿಲ್ಲದೆ ಮತ್ತು ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿಮಾಡುವ ಉದ್ದೇಶವಿಲ್ಲದೆ ಮೀರಿದಾಗ ಸಾವು ಸಂಭವಿಸಿದರೆ ಅದು ಕೊಲೆಯಲ್ಲ. ಆದರೆ ಅಪರಾಧವಾಗಿ ಉಳಿಯುತ್ತದೆ (101ನೇ ಕಲಮಿನ ಎರಡನೇ ಅಪವಾದ). ಸೇಡಿಗೂ ರಕ್ಷಣೆಗೂ ಇರುವ ಗೆರೆ ಇದರಿಂದ ಕಾಣುತ್ತದೆ: ಭಯ ಮುಗಿದ ಮೇಲೆ ಹೊಡೆದರೆ ಅದು ರಕ್ಷಣೆಯಲ್ಲ.

2010ರ ದರ್ಶನ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ ಪ್ರಕರಣದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ, ದಾಳಿಗೊಳಗಾದವರು ಹೆಜ್ಜೆಹೆಜ್ಜೆಗೂ ಅಂಕಗಣಿತದ ನಿಖರತೆಯಿಂದ ಪ್ರತಿರೋಧವನ್ನು ಅಳೆದು ಕೊಡಬೇಕೆಂದು ನಿರೀಕ್ಷಿಸಲಾಗದು ಎಂದಿದೆ. ಅಂಕಗಣಿತದ ಹೆಸರು ತೀರ್ಪಿನಲ್ಲಿ ಬಂದದ್ದು ಮಕ್ಕಳಿಗೆ ಖುಷಿ ಕೊಟ್ಟಿತು. ಮೂರನೇ ಚೀಟಿ ಇಲ್ಲಿ ಮತ್ತೆ ಕೈಗೆ ಬಂತು. “ಸೋಮವಾರ ಬನ್ನಿ ಅಂದ್ರೆ ಸಮಯ ಇದೆ ಅಂತಾನಾ, ಇಲ್ಲ ಅಂತಾನಾ?” ಎಂದು ಒಬ್ಬಳು ಕೇಳಿದಳು. ಹಲಗೆಯ ಮೇಲೆ ಆ ಪ್ರಶ್ನೆಯನ್ನು ಹಾಗೆಯೇ ಬರೆದು ಗೃಹಪಾಠವಾಗಿ ಕೊಟ್ಟೆ.

ಮೌಲ್ಯಮಾಪನ

ಕಲಮುಗಳ ಸಂಖ್ಯೆಯನ್ನು ಕೇಳಲಿಲ್ಲ. ಎರಡು ಕೆಲಸ ಕೊಟ್ಟೆ. ಮೊದಲನೆಯದು: ‘ಮೇಲ್ಮನವಿಯಲ್ಲಿ ಗೆದ್ದರೆಂದರೆ ಆಕೆ ನಿರ್ದೋಷಿ ಎಂದು ಸಾಬೀತಾಯಿತು’ ಎಂಬ ಹೇಳಿಕೆ ಸರಿಯೇ, ಕಾರಣ ಕೊಡಿ. ಎರಡನೆಯದು: ಆಟದ ಮೈದಾನದಲ್ಲಿ ಇಬ್ಬರು ಹೊಡೆದಾಡಿಕೊಂಡರೆ ವಿಚಾರಿಸಲು ತರಗತಿಯ ನಾಯಕರಿಗೆ ನಾಲ್ಕು ಸಾಲಿನ ಸೂಚನೆ ಬರೆಯಿರಿ.

ಎರಡನೇ ಕೆಲಸದಲ್ಲಿ ಕಲಿಕೆ ಎದ್ದು ಕಂಡಿತು. ಎಷ್ಟೋ ಮಕ್ಕಳ ಮೊದಲ ಸಾಲು ‘ಮೊದಲು ಹೊಡೆದವರು ಯಾರು ಎಂದು ಕೇಳಿ’ ಎಂದಿತ್ತು. ಅದನ್ನು ಹೊಡೆದುಹಾಕಿ ‘ಇದಕ್ಕೆ ಮೊದಲು ಏನೇನು ನಡೆದಿತ್ತು ಎಂದು ಇಬ್ಬರನ್ನೂ ಕೇಳಿ’ ಎಂದು ತಿದ್ದಿದ್ದರು. ಒಬ್ಬ ವಿದ್ಯಾರ್ಥಿ ಹೀಗೆ ಬರೆದಿದ್ದ: ‘ಚಿಕ್ಕವನು ಕಲ್ಲು ಎತ್ತಿಕೊಂಡರೆ ಬೈಯುವ ಮೊದಲು, ಎದುರಿಗಿದ್ದವನು ಎಷ್ಟು ದೊಡ್ಡವನು, ಎಷ್ಟು ದಿನದಿಂದ ಕಾಡುತ್ತಿದ್ದಾನೆ ನೋಡಬೇಕು. ಆದರೆ ಕಲ್ಲು ಮನೆಯಿಂದ ತಂದಿದ್ದನಾ ಅಂತಲೂ ನೋಡಬೇಕು.’ ಎಂಟೂ ಚೀಟಿಗಳು ಈ ಎರಡು ವಾಕ್ಯಗಳಲ್ಲಿವೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠವನ್ನು ಮಾಡಬಯಸುವವರು ಮೂರು ಅಂಶಗಳನ್ನು ಗಮನಿಸಬಹುದು. ಆರೋಪಿಗೆ ವಿರುದ್ಧವಾದ ಚೀಟಿಗಳನ್ನು ಬಿಡಬಾರದು. ಅವನ್ನು ಬಿಟ್ಟರೆ ತರಗತಿ ‘ಕೊಂದದ್ದೇ ಸರಿ’ ಎಂಬ ಘೋಷಣೆಗೆ ಜಾರುತ್ತದೆ, ಮೇಲ್ಮನವಿಯ ವಿಚಾರ ಮರೆಯಾಗುತ್ತದೆ. ಇಬ್ಬರು ವ್ಯಕ್ತಿಗಳನ್ನು ವಿವರಿಸುವ ಚಟುವಟಿಕೆಯನ್ನು ಪ್ರಕರಣ ಹೇಳುವ ಮೊದಲೇ ಮಾಡಿಸಬೇಕು. ಹೇಳಿದ ಮೇಲೆ ಮಾಡಿಸಿದರೆ ಉತ್ತರ ಗೊತ್ತಿದ್ದವರಂತೆ ಬರೆಯುತ್ತಾರೆ. ಕೊನೆಯ ತೀರ್ಮಾನವನ್ನು ಶಿಕ್ಷಕರು ಹೇಳದಿರುವುದು ಒಳ್ಳೆಯದು. ಗಣಿತದ ತರಗತಿಯಲ್ಲಿ ನಮಗೆ ಇದು ಅಭ್ಯಾಸವಿಲ್ಲ. ಪುಸ್ತಕದ ಹಿಂದೆ ಉತ್ತರ ಇದ್ದೇ ಇರುತ್ತದೆ.

ದಿನಕ್ಕೆ ಹತ್ತಾರು ಸೂಚನೆಗಳನ್ನು ನಾವೂ ಕೊಡುತ್ತೇವೆ. ‘ಹೌದು ಅಥವಾ ಇಲ್ಲ ಎಂದಷ್ಟೇ ಹೇಳು’, ‘ಹಳೇದೆಲ್ಲ ಬೇಡ, ಈಗ ಏನು ಮಾಡಿದೆ ಹೇಳು’, ‘ಮೊದಲು ಕೈ ಎತ್ತಿದವರು ಯಾರು’. ಈ ಪ್ರತಿಯೊಂದೂ ಮಗು ಏನನ್ನು ದತ್ತವಾಗಿ ತರಬಹುದು, ಏನನ್ನು ಹೊರಗೆ ಬಿಟ್ಟುಬರಬೇಕು ಎಂದು ತೀರ್ಮಾನಿಸಿಬಿಡುತ್ತದೆ. ನಮ್ಮ ತರಗತಿಯ ತೀರ್ಪುಗಳ ಮೇಲೆ ಮಕ್ಕಳಿಗೆ ಮೇಲ್ಮನವಿಯ ಹಕ್ಕಿಲ್ಲ. ಆದ್ದರಿಂದ ಮಗುವಿನ ಉತ್ತರವನ್ನು ತೂಗುವ ಮುಂಚೆ ನಮ್ಮ ಪ್ರಶ್ನೆಯನ್ನು ಒಮ್ಮೆ ಓದಿಕೊಳ್ಳಬೇಕಾದವರು ನಾವೇ.